ಗಾಡಿಮನೆ ಎಲ್ಲಿ ತಂಗಬೇಕು?

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಒಂದಕ್ಕೆ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಸಾಧ್ಯವಾಗಲಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರು ದಕ್ಷಿಣ ಕನ್ನಡದ ಓರ್ವ ತಾಯಿ. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಅಮೆರಿಕದ ಫೀನಿಕ್ಸ್ ನಗರದಲ್ಲಿದ್ದಾರೆ. ಬರುವ ಜೂನ್‌ನಲ್ಲಿ ಪತಿಯೊಂದಿಗೆ ಅಲ್ಲಿಗೆ ಹೋಗಲಿದ್ದಾರೆ. ಅಳಿಯ ಒಂದು ಆರ್.ವಿ. ಬಾಡಿಗೆಗೆ ಪಡೆದು ಎಲ್ಲರನ್ನೂ ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವ ಯೋಜನೆ ಹಾಕಿದ್ದಾರೆ. ಪತಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವುದರಿಂದ ರಾತ್ರಿಯಿಡೀ ಸಿಪ್ಯಾಪ್ ಯಂತ್ರ ನಡೆಯಬೇಕು. ಅಳಿಯನಿಗೆ ಉದ್ಯಾನದ ಒಳಗೆ, ಮರಗಳ ನಡುವೆಯೇ ಗಾಡಿ ನಿಲ್ಲಿಸುವ ಆಸೆ. ಮಗಳಿಗೆ ಹೊರಗಡೆ, ನೀರು ಮತ್ತು ಕರೆಂಟು ಇರುವ ಕಡೆ ನಿಲ್ಲಿಸಿದರೆ ಸಾಕು ಎಂಬ ಯೋಚನೆ. “ನಮ್ಮಿಂದಾಗಿ ಅವರಿಬ್ಬರ ನಡುವೆ ಮಾತು ಬೆಳೆಯುವುದು ಬೇಡ, ನೀವು ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ, ನಾವು ಮನೆಯಲ್ಲೇ ಇರುತ್ತೇವೆ ಎಂದು ಹೇಳಿಬಿಡಲೇ?” ಎಂದು ಆ ತಾಯಿ ಕೇಳಿದ್ದಾರೆ.

ಹಾಗೆ ಹೇಳಬೇಡಿ. ಜೂನ್ ತಿಂಗಳ ಫೀನಿಕ್ಸ್‌ನಲ್ಲಿ ನಲ್ವತ್ತು ಡಿಗ್ರಿ ದಾಟಿದ ಸೆಕೆಯಲ್ಲಿ ಇಬ್ಬರೇ ಬಾಗಿಲು ಹಾಕಿಕೊಂಡು ಕೂರುವುದಕ್ಕಾಗಿ ಯಾರೂ ಅಷ್ಟು ದೂರ ವಿಮಾನದಲ್ಲಿ ಹೋಗುವುದಿಲ್ಲ. ಗಾಡಿ ನಿಲ್ಲಿಸುವ ಜಾಗವನ್ನು ಸರಿಯಾಗಿ ಆರಿಸಿದರೆ ನಿಮ್ಮ ಪತಿಯೂ ನೆಮ್ಮದಿಯಿಂದ ನಿದ್ರಿಸಬಹುದು, ಅಳಿಯನ ಆಸೆಯೂ ಹೆಚ್ಚುಕಡಿಮೆ ಈಡೇರುತ್ತದೆ.

ಆರ್.ವಿ. ಎಂದರೇನೆಂದು ತಿಳಿಯದ ಸಹೋದರಿಯರಿಗಾಗಿ ಒಂದು ಮಾತು. ಇದು ಬಸ್ಸಿನಂಥ ಗಾಡಿಯೊಳಗೆ ಕಟ್ಟಿದ ಪುಟ್ಟ ಮನೆ. ಮಂಚ, ಒಲೆ, ಫ್ರಿಜ್, ಶೌಚಾಲಯ, ಸ್ನಾನದ ಮೂಲೆ ಎಲ್ಲವೂ ಇರುತ್ತದೆ. ನಮ್ಮಂಥವರಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ. ದಾರಿಯುದ್ದಕ್ಕೂ ಹಲಾಲ್ ಊಟ ಎಲ್ಲಿ ಸಿಗುತ್ತದೆಂದು ಹುಡುಕುವ ಕಷ್ಟವಿಲ್ಲ. ಸಾರ್ವಜನಿಕ ಶೌಚಾಲಯದ ಮುಂದೆ ಸಾಲು ನಿಲ್ಲಬೇಕಿಲ್ಲ, ನಮಾಝ್‌ಗೆ ಮರೆ ಹುಡುಕಬೇಕಿಲ್ಲ. ಆದರೆ ಈ ಮನೆಗೆ ನೀರು, ಕರೆಂಟು, ಕೊಳೆ ನೀರು ಹೋಗುವ ದಾರಿ ಎಲ್ಲಿಂದ ಎಂಬುದು ಗಾಡಿ ನಿಂತ ಜಾಗವನ್ನು ಅವಲಂಬಿಸಿದೆ. ಕೆಲವು ತಂಗುದಾಣಗಳಲ್ಲಿ ಪ್ರತಿಯೊಂದು ಗಾಡಿಗೂ ವಿದ್ಯುತ್ ಪ್ಲಗ್, ನೀರಿನ ನಲ್ಲಿ, ಕೊಳಚೆಯ ಕೊಳವೆ ಮೂರೂ ಇರುತ್ತವೆ. ಇದನ್ನು ಅಲ್ಲಿ ಹುಕಪ್ ಎನ್ನುತ್ತಾರೆ. ಇನ್ನು ಕೆಲವು ಕಡೆ ಬರೀ ನೆಲ, ಒಂದು ಮೇಜು, ಬೆಂಕಿ ಉರಿಸಲು ಒಂದು ಕಬ್ಬಿಣದ ಬಳೆ, ಅಷ್ಟೇ. ಅಲ್ಲಿ ಗಾಡಿಯ ತೊಟ್ಟಿಯಲ್ಲಿ ತುಂಬಿ ತಂದ ನೀರು, ಗಾಡಿಯ ಬ್ಯಾಟರಿಯಲ್ಲಿದ್ದ ಕರೆಂಟು ಇವಿಷ್ಟರಲ್ಲೇ ಸಂಸಾರ ಸಾಗಬೇಕು.

ಈಗ ಗ್ರ್ಯಾಂಡ್ ಕ್ಯಾನಿಯನ್‌ಗೆ ಬರೋಣ. ಕೊಲರಾಡೋ ನದಿ ಕೊರೆದ ಆ ಮಹಾ ಕಂದರಕ್ಕೆ ಎರಡು ದಂಡೆಗಳು. ಉತ್ತರ ದಂಡೆಯನ್ನು ಸದ್ಯಕ್ಕೆ ಮರೆತುಬಿಡಿ. 2025ರ ಜುಲೈಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಅಲ್ಲಿನ ಹಳೆಯ ವಸತಿಗೃಹವೇ ಸುಟ್ಟುಹೋಯಿತು. ವಯಸ್ಸಾದವರೊಂದಿಗೆ ಹೋಗುವವರಿಗೆ ದಕ್ಷಿಣ ದಂಡೆಯೇ ಸರಿ. ಫೀನಿಕ್ಸ್‌ನಿಂದ ಸುಮಾರು 370 ಕಿಲೋಮೀಟರ್.

ದಕ್ಷಿಣ ದಂಡೆಯ ಹಳ್ಳಿಯೊಳಗೆ ಎರಡು ತಂಗುದಾಣಗಳು ಅಕ್ಕಪಕ್ಕದಲ್ಲೇ ಇವೆ. ಒಂದು ಮ್ಯಾದರ್ ಕ್ಯಾಂಪ್‌ಗ್ರೌಂಡ್, ಇನ್ನೊಂದು ಟ್ರೈಲರ್ ವಿಲೇಜ್. ಹೆಸರು ಕೇಳಿದರೆ ಮೊದಲನೆಯದೇ ಚೆಂದ, ನೋಡುವುದಕ್ಕೂ ಅದೇ ಚೆಂದ. ಪೈನ್ ಮರಗಳ ನೆರಳು, ಗಾಡಿ ಗಾಡಿಗಳ ನಡುವೆ ಸಾಕಷ್ಟು ಅಂತರ, ಬೆಳಿಗ್ಗೆ ಎದ್ದರೆ ಬಾಗಿಲ ಮುಂದೆಯೇ ಎಲ್ಕ್ ಎಂಬ ದೊಡ್ಡ ಜಿಂಕೆ ಮೇಯುತ್ತಿರಬಹುದು. ನಿಮ್ಮ ಅಳಿಯನ ಮನಸ್ಸಿನಲ್ಲಿರುವುದು ಬಹುಶಃ ಇದೇ. ಆದರೆ ಇಲ್ಲಿ ಹುಕಪ್ ಇಲ್ಲ. ಮೂವತ್ತು ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವೂ ಇಲ್ಲ. ಆರು ಮಂದಿ ಮಲಗುವ ಬಾಡಿಗೆ ಗಾಡಿಗಳಲ್ಲಿ ಹಲವು ಸರಿಸುಮಾರು ಆ ಅಳತೆಯವೇ ಆದ್ದರಿಂದ ಬುಕ್ ಮಾಡುವ ಮೊದಲು ಹಿಂದಿನ ಏಣಿ, ಬಂಪರ್ ಸಹಿತ ಗಾಡಿಯ ಪೂರ್ತಿ ಉದ್ದವೆಷ್ಟೆಂದು ಬಾಡಿಗೆಯವರಿಂದ ಬರೆಸಿಕೊಳ್ಳಲಿ.

ಸಿಪ್ಯಾಪ್ ಯಂತ್ರದ ಪ್ರಶ್ನೆ ಬರುವುದು ಇಲ್ಲಿಯೇ. “ಗಾಡಿಯಲ್ಲಿ ಜನರೇಟರ್ ಇದೆಯಲ್ಲ” ಎಂದು ಅಳಿಯ ಹೇಳಬಹುದು. ಇದೆ. ಆದರೆ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ತಂಗುದಾಣಗಳಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೌನದ ಸಮಯ. ಜನರೇಟರ್ ಓಡಿಸಲು ಹಗಲಿನಲ್ಲಿ ನಿಗದಿಯಾದ ಗಂಟೆಗಳು ಮಾತ್ರ. ಯಂತ್ರ ಬೇಕಾಗುವ ಹೊತ್ತಿನಲ್ಲೇ ಜನರೇಟರ್ ಬಂದ್. ಗಾಡಿಯ ಬ್ಯಾಟರಿಯಿಂದ ನಡೆಸಬಹುದೆಂದು ಹೇಳುವವರೂ ಇದ್ದಾರೆ. ಅದು ಬ್ಯಾಟರಿ ಎಷ್ಟು ಹಳೆಯದು, ಅದರಲ್ಲಿ ಇನ್ವರ್ಟರ್ ಇದೆಯೇ, ರಾತ್ರಿ ಹೀಟರಿನ ಫ್ಯಾನ್ ಎಷ್ಟು ಎಳೆಯುತ್ತದೆ ಎಂಬುದರ ಮೇಲಿದೆ. ಬಾಡಿಗೆ ಗಾಡಿಯ ಬ್ಯಾಟರಿಯನ್ನು ನಂಬಿ ಉಸಿರಿನ ಯಂತ್ರ ಇಡುವುದನ್ನು ನಾನಂತೂ ಒಪ್ಪುವುದಿಲ್ಲ. ಅದೂ ಆ ಎತ್ತರದಲ್ಲಿ. ದಕ್ಷಿಣ ದಂಡೆ ಸಮುದ್ರ ಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಅಷ್ಟಿಲ್ಲ. ಕರಾವಳಿಯಲ್ಲಿ ಬೆಳೆದ ದೇಹಕ್ಕೆ ಮೊದಲ ರಾತ್ರಿ ಏದುಸಿರು, ತಲೆನೋವು ಬರುವುದು ಅಸಾಮಾನ್ಯವಲ್ಲ. ಹೊರಡುವ ಮೊದಲು ವೈದ್ಯರಲ್ಲಿ ಈ ಎತ್ತರದ ವಿಷಯವನ್ನು ತಪ್ಪದೆ ಹೇಳಿ.

ಇನ್ನೊಂದು, ಟ್ರೈಲರ್ ವಿಲೇಜ್. ಇದೂ ಉದ್ಯಾನದ ಒಳಗೇ ಇದೆ, ಕಂದರದ ಅಂಚು ಅಷ್ಟೇ ಹತ್ತಿರ. ಇಲ್ಲಿ ವಿದ್ಯುತ್, ನೀರು, ಕೊಳವೆ ಮೂರೂ ಇವೆ. ಐವತ್ತು ಅಡಿ ಉದ್ದದ ಗಾಡಿಗೂ ಜಾಗವಿದೆ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುವಂಥ ನೇರ ಜಾಗಗಳಿರುವುದರಿಂದ ಮೊದಲ ಬಾರಿ ಇಂಥ ಗಾಡಿ ಓಡಿಸುವವರು ರಿವರ್ಸ್ ತೆಗೆಯುವ ಗೋಜಿಲ್ಲ. ಕೊರತೆಯೆಂದರೆ ಗಾಡಿಗಳು ಸ್ವಲ್ಪ ಒತ್ತೊತ್ತಾಗಿ ನಿಲ್ಲುತ್ತವೆ, ಬಾಡಿಗೆಯೂ ಮ್ಯಾದರ್‌ಗಿಂತ ಹೆಚ್ಚು. ಆದರೂ ನಿಮ್ಮ ಮಗಳ ಪ್ಲಗ್ಗೂ ಅಳಿಯನ ಕಾಡೂ ಒಂದೇ ಕಡೆ ಸಿಗುವ ಜಾಗ ಇದೇ. ಉಚಿತ ಬಸ್ಸು ಹತ್ತಿರದಲ್ಲೇ ನಿಲ್ಲುತ್ತದೆ. ಗಾಡಿಯನ್ನು ಒಮ್ಮೆ ಪ್ಲಗ್ಗಿಗೆ ಸಿಕ್ಕಿಸಿ ನಿಲ್ಲಿಸಿದರೆ ಮತ್ತೆ ಮನೆಗೆ ಹೊರಡುವವರೆಗೆ ಕೀಲಿ ಮುಟ್ಟಬೇಕಿಲ್ಲ. ಮೊಮ್ಮಕ್ಕಳನ್ನು ಕರೆದುಕೊಂಡು ಅಳಿಯ ಸೂರ್ಯೋದಯ ನೋಡಲು ಹೋಗಲಿ. ನಿಮ್ಮ ಪತಿ ಇನ್ನೂ ಒಂದು ಗಂಟೆ ಮಲಗಿರಲಿ.

ಇದು ಸಿಗದಿದ್ದರೆ? ಉದ್ಯಾನದ ದಕ್ಷಿಣ ದ್ವಾರದ ಹೊರಗೆ, ಹಳ್ಳಿಯಿಂದ ಸುಮಾರು ಹನ್ನೊಂದು ಕಿಲೋಮೀಟರ್ ದೂರದಲ್ಲಿ ಟುಸಾಯನ್ ಎಂಬ ಪುಟ್ಟ ಊರಿದೆ. ಅಲ್ಲಿ ಹುಕಪ್ ಇರುವ ಖಾಸಗಿ ತಂಗುದಾಣವಿದೆ, ಅಂಗಡಿಗಳಿವೆ. ಬೇಸಿಗೆಯ ದಿನಗಳಲ್ಲಿ ಅಲ್ಲಿಂದ ಉದ್ಯಾನದೊಳಗೆ ಉಚಿತ ಬಸ್ಸು ಓಡುತ್ತದೆ, ಪ್ರವೇಶದ ಪಾಸ್ ಮೊದಲೇ ಪಡೆದಿರಬೇಕು ಅಷ್ಟೇ. ಬೇಸಿಗೆಯಲ್ಲಿ ದ್ವಾರದ ಮುಂದೆ ಕಾರುಗಳ ಉದ್ದ ಸಾಲು ಇರುವುದರಿಂದ ಇಷ್ಟು ದೊಡ್ಡ ಗಾಡಿಯನ್ನು ದಿನಾಲೂ ಒಳಗೆ ಹೊರಗೆ ಓಡಿಸುವುದಕ್ಕಿಂತ ಬಸ್ಸೇ ವಾಸಿ. ನನ್ನ ಸಲಹೆಯ ಕ್ರಮ ಇದು: ಮೊದಲು ಟ್ರೈಲರ್ ವಿಲೇಜ್, ಸಿಗದಿದ್ದರೆ ಟುಸಾಯನ್. ಮ್ಯಾದರ್ ಅನ್ನು ಅಳಿಯ ಮುಂದಿನ ವರ್ಷ ಮಕ್ಕಳೊಂದಿಗೆ ನೋಡಲಿ.

ಪಕ್ಕದ ಕೈಬಾಬ್ ಅರಣ್ಯದಲ್ಲಿ ಹಣ ಕೊಡದೆ ಗಾಡಿ ನಿಲ್ಲಿಸುವವರೂ ಇದ್ದಾರೆ, ಅದಕ್ಕೆ ಅಲ್ಲಿ ಅನುಮತಿಯೂ ಇದೆ. ಯುವಕರಿಗೆ ಸರಿ. ಆದರೆ ಉದ್ಯಾನದ ಒಳಗೆ ವೀಕ್ಷಣೆಯ ಜಾಗದಲ್ಲೋ ಪಾರ್ಕಿಂಗ್‌ನಲ್ಲೋ ಗಾಡಿ ನಿಲ್ಲಿಸಿ ರಾತ್ರಿ ಮಲಗುವಂತಿಲ್ಲ. ರೇಂಜರ್ ಬಂದು ಎಬ್ಬಿಸುತ್ತಾರೆ, ದಂಡವೂ ಬೀಳಬಹುದು. ಅಂದಹಾಗೆ, ಪ್ರಯಾಣದಲ್ಲಿ ರಾತ್ರಿ ತಂಗುವಾಗ ದಾರಿಯಿಂದ ಸರಿದು ತಂಗಬೇಕು, ರಾತ್ರಿ ಹೊತ್ತು ಆ ದಾರಿ ಮೃಗಗಳದ್ದೂ ಹುಳುಹುಪ್ಪಟೆಗಳದ್ದೂ ಆಗಿರುತ್ತದೆ ಎಂಬ ಅರ್ಥದ ಪ್ರವಾದಿ(ಸ)ರ ಬೋಧನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂಟೆಯ ಕಾಲದ ಈ ಮಾತು ಮೂವತ್ತು ಅಡಿಯ ಗಾಡಿಗೂ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಒಂದು ಜಾಗದಲ್ಲಿ ಇಳಿದಾಗ ಹೇಳುವ ರಕ್ಷಣೆಯ ದುಆವನ್ನು ನಮಗೆ ತಲುಪಿಸಿದವರೂ ಓರ್ವ ಸ್ತ್ರೀಯೇ, ಖೌಲಾ ಬಿನ್ತ್ ಹಕೀಮ್(ರ). ಮೊಮ್ಮಕ್ಕಳಿಗೆ ಅದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ನೀರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಗಂಡಸರು ಜಾಗ ಆರಿಸುವುದು ಕಿಟಕಿಯಿಂದ ಏನು ಕಾಣುತ್ತದೆಂದು ನೋಡಿ. ಪಾತ್ರೆ ತೊಳೆಯುವವರು ಆರಿಸುವುದು ನಲ್ಲಿ ಎಲ್ಲಿದೆಯೆಂದು ನೋಡಿ. ನಿಮ್ಮ ಮಗಳು ಹುಕಪ್ ಬೇಕೆಂದದ್ದು ಐಷಾರಾಮಕ್ಕಲ್ಲ. ಇಂಥ ಗಾಡಿಯ ಶುದ್ಧ ನೀರಿನ ತೊಟ್ಟಿ ಸಾಮಾನ್ಯವಾಗಿ ಮೂವತ್ತರಿಂದ ನಲ್ವತ್ತು ಗ್ಯಾಲನ್, ಅಂದರೆ ಹೆಚ್ಚೆಂದರೆ ನೂರೈವತ್ತು ಲೀಟರ್. ಆರು ಮಂದಿ ದಿನಕ್ಕೆ ಐದು ಬಾರಿ ವುಝೂ ಮಾಡಿದರೆ ಮೂವತ್ತು ವುಝೂ. ತಲಾ ಒಂದೂವರೆ ಲೀಟರ್ ಹಿಡಿದರೂ ನಲ್ವತ್ತೈದು ಲೀಟರ್ ಅದಕ್ಕೇ ಹೋಯಿತು. ಅಡುಗೆ, ಪಾತ್ರೆ, ಸ್ನಾನ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿ ಓದಿದ್ದೇವೆ. ಅದು ನಮ್ಮ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಲೀಟರಿಗಿಂತಲೂ ಕಡಿಮೆ. ನಲ್ಲಿ ತಿರುಗಿಸಿಟ್ಟು ಮಾಡುವ ಬದಲು ಚೊಂಬಿನಲ್ಲಿ ಹಿಡಿದು ಮಾಡಿದರೆ ಮೊಮ್ಮಕ್ಕಳಿಗೂ ಸಾಧ್ಯ. ಹುಕಪ್ ಇರುವ ಕಡೆಯೂ ಹಾಗೆಯೇ ಮಾಡಿ.

ತೊಟ್ಟಿ ಖಾಲಿಯಾಗುವುದು ಒಂದು ತೊಂದರೆಯಾದರೆ ತುಂಬುವುದು ಇನ್ನೊಂದು. ಸಿಂಕ್ ಮತ್ತು ಸ್ನಾನದ ನೀರು ಒಂದು ತೊಟ್ಟಿಗೆ, ಶೌಚಾಲಯದ್ದು ಬೇರೊಂದು ತೊಟ್ಟಿಗೆ ಹೋಗುತ್ತದೆ. ಶೌಚಕ್ಕೆ ನೀರು ಬಳಸುವ ನಮ್ಮ ಕುಟುಂಬಗಳಲ್ಲಿ ಈ ಎರಡನೆಯದು ಇತರರಿಗಿಂತ ಬೇಗ ತುಂಬುತ್ತದೆ, ಇದನ್ನು ಬಾಡಿಗೆ ಕೊಡುವವರು ಯಾರೂ ಹೇಳಿಕೊಡುವುದಿಲ್ಲ. ಕೊಳವೆ ಇರುವ ಜಾಗವಾದರೆ ಅಲ್ಲೇ ಬಿಡಬಹುದು. ಮೊದಲು ಶೌಚಾಲಯದ ತೊಟ್ಟಿ, ಆಮೇಲೆ ಸಿಂಕಿನದು, ಆಗ ಹಿಂದೆ ಬರುವ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಬೇಕು. ಇದು ಅಳಿಯನ ಕೆಲಸ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ವುಝೂ ಮಾಡಿದ ನೀರು ಶುದ್ಧವೇ ಅಲ್ಲವೇ ಎಂದು ಗಿಡದ ಬುಡಕ್ಕೆ ಚೆಲ್ಲಲು ಹೋಗಬೇಡಿ. ಉದ್ಯಾನದೊಳಗೆ ಬಳಸಿದ ನೀರನ್ನು ನೆಲಕ್ಕೆ ಬಿಡುವುದು ನಿಷಿದ್ಧ.

ಒಳಗೆ ಹುಕಪ್ ಸಿಕ್ಕಿತೆಂದು ಖಾಲಿ ತೊಟ್ಟಿಯಲ್ಲಿ ಹೋಗಬಾರದು. ದಕ್ಷಿಣ ದಂಡೆಗೆ ನೀರು ಬರುವುದು ಉತ್ತರ ದಂಡೆಯ ಕೆಳಗಿನ ಒರತೆಯಿಂದ, ಕಂದರವನ್ನು ದಾಟಿ ಬರುವ ಹಳೆಯ ಕೊಳವೆಯಲ್ಲಿ. ಅದು ಎಷ್ಟೋ ಸಲ ಒಡೆದಿದೆ. 2024ರ ಆಗಸ್ಟ್ ಕೊನೆಯಲ್ಲಿ ಒಡೆದಾಗ ಒಳಗಿನ ಹೋಟೆಲುಗಳಲ್ಲಿ ರಾತ್ರಿ ತಂಗುವುದನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಆದ್ದರಿಂದ ದಾರಿಯ ಮೇಲೆ ನೀರು ತುಂಬಿಕೊಂಡೇ ಒಳಗೆ ಹೋಗಿ. ಹೊರಡುವ ಹಿಂದಿನ ದಿನ ಉದ್ಯಾನದ ಪ್ರಕಟಣೆ ಏನಿದೆಯೆಂದು ಮಗಳು ನೋಡಲಿ.

ಕರೆಂಟಿನಲ್ಲೂ ಒಂದು ಲೆಕ್ಕವಿದೆ. ಮೂವತ್ತು ಆಂಪಿಯರಿನ ಪ್ಲಗ್ ಎಂದರೆ 3,600 ವಾಟ್. ಎ.ಸಿ., ಮೈಕ್ರೋವೇವ್, ವಿದ್ಯುತ್ ಒಲೆ ಮೂರನ್ನೂ ಒಟ್ಟಿಗೆ ಹಾಕಿದರೆ ಸ್ವಿಚ್ ಬೀಳುತ್ತದೆ. ಗ್ಯಾಸ್ ಒಲೆಯಲ್ಲೇ ಅಡುಗೆ ಮುಗಿಸಿ. ಮಾಂಸವನ್ನು ಫೀನಿಕ್ಸ್‌ನ ಹಲಾಲ್ ಅಂಗಡಿಯಿಂದ ಕೊಂಡು, ಮಸಾಲೆ ಹಚ್ಚಿ, ಫ್ರೀಜರಿನಲ್ಲಿಟ್ಟು ಒಯ್ದರೆ ಕೆಲಸ ಅರ್ಧ ಮುಗಿಯಿತು. ತಂಗುದಾಣದ ಕಬ್ಬಿಣದ ಜಾಲರಿಯಲ್ಲಿ ನಿಮಗಿಂತ ಮೊದಲು ಯಾರು ಏನು ಸುಟ್ಟಿದ್ದಾರೋ ಗೊತ್ತಿಲ್ಲ. ಅದರ ಮೇಲೆ ಮಾಂಸ ಸುಡಬೇಡಿ, ನಿಮ್ಮದೇ ಜಾಲರಿ ಒಯ್ಯಿರಿ.

ಗಾಡಿ ನಿಂತ ಮೇಲೆ ನೆಲ ಸಮತಟ್ಟಾಗಿದೆಯೇ ನೋಡಿ. ಓರೆಯಾಗಿದ್ದರೆ ಚಕ್ರದಡಿ ಹಲಗೆ ಇಡಬೇಕು. ಗ್ಯಾಸ್‌ನಲ್ಲಿ ನಡೆಯುವ ಫ್ರಿಜ್ ಓರೆಯಾಗಿ ನಿಂತರೆ ಸರಿಯಾಗಿ ತಂಪಾಗುವುದಿಲ್ಲ, ಸುಜೂದಿಗೆ ಹೋದವರಿಗೂ ಅದು ತಿಳಿಯುತ್ತದೆ. ಅಲ್ಲಿನ ಗಾಡಿಗಳಲ್ಲಿ ನೀರು, ಕರೆಂಟಿನ ತೂತುಗಳು ಚಾಲಕನ ಬದಿಗೆ, ಮನೆಯ ಬಾಗಿಲು ಮತ್ತೊಂದು ಬದಿಗೆ ಇರುತ್ತದೆ. ಹಾಗಾಗಿ ಬಾಗಿಲ ಮುಂದಿನ ಜಾಗವೇ ನಿಮ್ಮ ಅಂಗಳ. ಹಿಜಾಬ್ ಪಾಲಿಸುವವರು ನಕ್ಷೆಯಲ್ಲಿ ಜಾಗ ಆರಿಸುವಾಗ ಸಾಲಿನ ಕೊನೆಯದ್ದನ್ನು, ಅಂಗಳ ಖಾಲಿ ಬದಿಗೆ ತೆರೆಯುವಂಥದ್ದನ್ನು ನೋಡಿಕೊಂಡರೆ ಹೊರಗೆ ಕುರ್ಚಿ ಹಾಕಿ ಚಹಾ ಕುಡಿಯಲು ಸಂಕೋಚವಾಗದು.

ಕಿಬ್ಲಾದ ಬಗ್ಗೆಯೂ ಪತ್ರದಲ್ಲಿ ಕೇಳಿದ್ದೀರಿ. ನಮಗೆ ಪಶ್ಚಿಮ ಅಭ್ಯಾಸ. ಅಲ್ಲಿ ಉತ್ತರದಿಂದ ಸ್ವಲ್ಪ ಪೂರ್ವಕ್ಕೆ, ಅಂದರೆ ಈಶಾನ್ಯದ ಕಡೆ ತಿರುಗಬೇಕು. ಭೂಮಿ ಗುಂಡಗಿರುವುದರಿಂದ ಮಕ್ಕಾಕ್ಕೆ ಅತಿ ಹತ್ತಿರದ ದಾರಿ ಹಾಗೆ ಹೋಗುತ್ತದೆ. ಸಮಯದ ವಿಷಯದಲ್ಲಿ ಒಂದು ಎಚ್ಚರಿಕೆ: ಅರಿಝೋನಾ ರಾಜ್ಯದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿಯಿಲ್ಲ, ಆದರೆ ಉದ್ಯಾನದ ಪೂರ್ವಕ್ಕಿರುವ ನವಾಹೋ ಜನರ ಪ್ರದೇಶದಲ್ಲಿ ಇದೆ. ಆ ಕಡೆ ಸುತ್ತಾಡಲು ಹೋದರೆ ಮೊಬೈಲ್ ಗಡಿಯಾರ ಒಂದು ಗಂಟೆ ಜಿಗಿಯಬಹುದು. ನಮಾಝ್ ವೇಳೆಯನ್ನು ನೋಡಿಕೊಳ್ಳಿ. ಫೀನಿಕ್ಸ್‌ನಲ್ಲಿ ನೀವು ಕೆಲವು ತಿಂಗಳು ನೆಲೆಸಿರುವವರಾದರೂ ಅಲ್ಲಿಂದ ಇಷ್ಟು ದೂರ ಹೊರಟ ಮೇಲೆ ಮುಸಾಫಿರರೇ, ಎರಡು ಮೂರು ರಾತ್ರಿಯ ತಂಗುವಿಕೆಯಲ್ಲಿ ಕಸ್ರ್ ಮಾಡಬಹುದು. ಶಾಫಿಈ ಮದ್‌ಹಬ್‌ನವರಿಗೆ ಎರಡು ನಮಾಝ್ ಜೋಡಿಸುವ ಅನುಮತಿಯೂ ಇದೆ. ಹನಫಿ ಸಹೋದರಿಯರು ತಮ್ಮ ಆಲಿಮರಲ್ಲಿ ಕೇಳಿಕೊಳ್ಳಲಿ.

ಖರ್ಚಿನಲ್ಲಿ ಹೊಸದೊಂದು ಸೇರಿಕೊಂಡಿದೆ. 2026ರ ಜನವರಿಯಿಂದ ಗ್ರ್ಯಾಂಡ್ ಕ್ಯಾನಿಯನ್ ಸೇರಿದಂತೆ ಹನ್ನೊಂದು ಉದ್ಯಾನಗಳಲ್ಲಿ ಹೊರದೇಶದ ಪ್ರವಾಸಿಗರಿಗೆ ತಲಾ ನೂರು ಡಾಲರ್ ಹೆಚ್ಚುವರಿ ಶುಲ್ಕವಿದೆ. ಮಗಳು ಅಳಿಯ ಅಲ್ಲಿನ ನಿವಾಸಿಗಳೆಂಬ ಗುರುತು ತೋರಿಸಿದರೆ ಅವರಿಗಿಲ್ಲ, ನಿಮ್ಮಿಬ್ಬರಿಗೆ ಇದೆ. ಒಂದಕ್ಕಿಂತ ಹೆಚ್ಚು ಉದ್ಯಾನ ನೋಡುವವರಿಗೆ 250 ಡಾಲರಿನ ವಾರ್ಷಿಕ ಪಾಸ್ ಇದೆ. “ನಮಗಾಗಿ ಇಷ್ಟು ದುಡ್ಡೇ” ಎಂದು ಆ ಗೇಟಿನ ಮುಂದೆ ಶುರುಮಾಡಬೇಡಿ, ದಯವಿಟ್ಟು.

ಬೇರೆ ಉದ್ಯಾನಗಳಿಗೆ ಹೋಗುವವರಿಗಾಗಿ ಚುಟುಕಾಗಿ. ಯೆಲ್ಲೋಸ್ಟೋನ್‌ನಲ್ಲಿ ಪೂರ್ತಿ ಹುಕಪ್ ಇರುವುದು ಫಿಶಿಂಗ್ ಬ್ರಿಜ್ ಎಂಬಲ್ಲಿ ಮಾತ್ರ. ಕರಡಿಗಳ ಓಡಾಟದ ಜಾಗವಾದ್ದರಿಂದ ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ ಅವಕಾಶ, ಡೇರೆ ಹಾಕುವಂತಿಲ್ಲ. ಯೊಸೆಮಿಟಿಯ ಯಾವ ತಂಗುದಾಣದಲ್ಲೂ ಹುಕಪ್ ಇಲ್ಲ, ಆದ್ದರಿಂದ ಇಂಥ ಯಂತ್ರ ಬಳಸುವವರೊಂದಿಗೆ ಹೋದರೆ ಹೊರಗೇ ತಂಗಿ. ಝಯಾನ್‌ನ ವಾಚ್‌ಮನ್ ತಂಗುದಾಣದ ಕೆಲವು ಜಾಗಗಳಲ್ಲಿ ಕರೆಂಟು ಇದೆ. ಆದರೆ 1930ರಲ್ಲಿ ತೆರೆದ ಅಲ್ಲಿನ ಹಳೆಯ ಸುರಂಗದಲ್ಲಿ 2026ರ ಮಧ್ಯದಿಂದ ದೊಡ್ಡ ಗಾಡಿಗಳನ್ನು ಬಿಡುವುದಿಲ್ಲವೆಂದು ಆಡಳಿತ ಪ್ರಕಟಿಸಿರುವುದರಿಂದ ಯಾವ ದಿಕ್ಕಿನಿಂದ ಬರುತ್ತೀರೆಂದು ಮೊದಲೇ ನೋಡಿಕೊಳ್ಳಬೇಕು. ಗ್ಲೇಸಿಯರ್ ಉದ್ಯಾನದ ಪ್ರಸಿದ್ಧ ಬೆಟ್ಟದ ರಸ್ತೆಯಲ್ಲಿ ಇಪ್ಪತ್ತೊಂದು ಅಡಿಗಿಂತ ಉದ್ದದ ಗಾಡಿ ಹತ್ತುವಂತಿಲ್ಲ.

ಇನ್ನು ಬುಕ್ಕಿಂಗ್. ಮ್ಯಾದರ್ ಜಾಗಗಳು ಸರಕಾರದ ವ್ಯವಸ್ಥೆಯಲ್ಲಿ ಆರು ತಿಂಗಳು ಮೊದಲೇ ತೆರೆದು ಬೇಗನೆ ಮುಗಿಯುತ್ತವೆ. ಟ್ರೈಲರ್ ವಿಲೇಜ್ ಗುತ್ತಿಗೆ ಸಂಸ್ಥೆಯದ್ದು, ಅದರ ಬುಕ್ಕಿಂಗ್ ಬೇರೆ. ಜೂನ್ ತಿಂಗಳು ಶಾಲೆಗಳ ರಜೆಯ ಕಾಲ, ಜಾಗಕ್ಕೆ ಪೈಪೋಟಿ ಜೋರು. ಶನಿವಾರ, ಭಾನುವಾರ ಬಿಟ್ಟು ವಾರದ ನಡುವಿನ ರಾತ್ರಿಗಳನ್ನು ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಯಾರಾದರೂ ರದ್ದು ಮಾಡಿದ ಜಾಗವೂ ಆಗಾಗ ಖಾಲಿ ಬರುತ್ತದೆ. ಈ ಪತ್ರಿಕೆ ನಿಮ್ಮ ಕೈಸೇರುವವರೆಗೆ ಕಾಯಬೇಡಿ ಎಂದು ಆ ತಾಯಿಗೆ ಫೋನಿನಲ್ಲೇ ಹೇಳಿದ್ದೇನೆ. ಅವರ ಮಗಳು ಅಂದು ರಾತ್ರಿಯೇ ನೋಡುತ್ತೇನೆಂದಳಂತೆ.